ಹಳೆಯ ಗಿಬ್ಸನ್ ಬ್ಯಾಂಜೊ ಕೊಳ್ಳುವ ಮುನ್ನ ಪಾಟ್ ಬಿಚ್ಚಿ ನೋಡಿ

ಬ್ಲೂಗ್ರಾಸ್ (ಅಮೆರಿಕದ ಒಂದು ಜನಪದ ಶೈಲಿಯ ಸಂಗೀತ) ನುಡಿಸುವವರು ಹೆಚ್ಚಾಗಿ ಹುಡುಕುವುದು ಮಿಶಿಗನ್‌ನ ಕಲಮಜೂವಿನಲ್ಲಿ 1930ರ ದಶಕದಲ್ಲಿ ತಯಾರಾದ ಫ್ಲ್ಯಾಟ್‌ಹೆಡ್ (ಹೆಡ್, ಅಂದರೆ ಬಿಗಿದ ಪೊರೆ, ಪೂರ್ತಿ ಚಪ್ಪಟೆಯಾಗಿರುವ) ಗಿಬ್ಸನ್ ಮಾಸ್ಟರ್‌ಟೋನ್ ಬ್ಯಾಂಜೊಗಳನ್ನು. ಹೆಸರಾಂತ ಬ್ಲೂಗ್ರಾಸ್ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಅವರ ಗ್ರನಾಡಾ ಮಾದರಿ ಕೂಡ ಇದೇ ಜಾತಿಯದು. ಇವುಗಳ ಬೆಲೆಯ ಸಿಂಹಪಾಲು ಪಾಟ್‌ನದು, ಅಂದರೆ ರಿಮ್ (ಮರದ ಬಳೆ), ಟೋನ್ ರಿಂಗ್ (ಅದರ ಮೇಲೆ ಕೂರುವ ಲೋಹದ ಬಳೆ), ಫ್ಲ್ಯಾಂಜ್ (ರಿಮ್ ಸುತ್ತಲಿನ ಲೋಹದ ಪಟ್ಟಿ) ಮತ್ತು ರೆಸೊನೇಟರ್‌ನದು (ಹಿಂಬದಿಯ ಮರದ ಬಟ್ಟಲು).

ಮೊದಲು ಮಾದರಿಯ ಅಕ್ಷರ ನೋಡಿ. ಆರ್‌ಬಿ ಎಂದರೆ ಐದು ತಂತಿ, ಟಿಬಿ ಟೆನರ್, ಪಿಬಿ ಪ್ಲೆಕ್ಟ್ರಮ್ (ಇದೂ ನಾಲ್ಕು ತಂತಿಯದೇ, ನೆಕ್ ಉದ್ದ). ಆ ಕಾಲದಲ್ಲಿ ಹೆಚ್ಚು ಬಿಕರಿಯಾದದ್ದು ನಾಲ್ಕು ತಂತಿಯ ಟೆನರ್. ಆದ್ದರಿಂದ ಈಗ ಸಿಗುವ ಐದು ತಂತಿಯ ಬ್ಯಾಂಜೊಗಳಲ್ಲಿ ಬಹಳಷ್ಟು ಟೆನರ್ ಪಾಟ್‌ಗೆ ಹೊಸ ನೆಕ್ ಜೋಡಿಸಿದವು. ನುಡಿಸಲು ಅವು ಏನೂ ಕಡಿಮೆಯಿಲ್ಲ, ಆದರೆ ಮೂಲ ಆರ್‌ಬಿಯ ಬೆಲೆ ಕೊಡಬೇಡಿ. ಹಳೆಯ ಟೆನರ್ ನೆಕ್ ಇದ್ದರೆ ಅದನ್ನೂ ಕೇಳಿ ಪಡೆಯಿರಿ.

ರೆಸೊನೇಟರ್‌ನ ತಿರುಪುಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ರಿಮ್‌ನ ಒಳಬದಿಯಲ್ಲಿ ಫ್ಯಾಕ್ಟರಿ ಆರ್ಡರ್ ನಂಬರ್ ಹುಡುಕಿ. ಸ್ಕ್ರಗ್ಸ್ ವಾದ್ಯದ 9584-3 ಅಂಥದೇ ಸಂಖ್ಯೆ. ರೆಸೊನೇಟರ್‌ನ ಒಳಗೂ ಸಂಖ್ಯೆ ಇದ್ದು ಅದು ಬೇರೆಯಾಗಿದ್ದರೆ ಎರಡು ವಾದ್ಯಗಳ ಭಾಗ ಸೇರಿವೆ ಎಂದರ್ಥ.

ದೊಡ್ಡ ಎಡವಟ್ಟು ಆಗುವುದು ಆರ್ಚ್‌ಟಾಪ್‌ನಿಂದ (ಹೆಡ್‌ನ ನಡುಭಾಗ ಅಂಚಿಗಿಂತ ಎತ್ತರವಿರುವ ಮಾದರಿ) ಬದಲಾಯಿಸಿದ ಫ್ಲ್ಯಾಟ್‌ಹೆಡ್‌ನಲ್ಲಿ. ಆರ್ಚ್‌ಟಾಪ್ ರಿಂಗ್ ತೆಗೆದು ಫ್ಲ್ಯಾಟ್‌ಹೆಡ್ ರಿಂಗ್ ಕೂರಿಸಬೇಕಾದರೆ ಸಾಮಾನ್ಯವಾಗಿ ರಿಮ್‌ನ ಮೇಲಂಚನ್ನು ಲೇಥ್‌ನಲ್ಲಿ ಕೊರೆಯಬೇಕು. ಕೊರೆದ ಮೇಪಲ್ ಮರ ಮತ್ತೆ ಬೆಳೆಯುವುದಿಲ್ಲವಲ್ಲ! ಮಾರುವವರ ಒಪ್ಪಿಗೆ ಪಡೆದು, ಹೆಡ್ ಬಿಗಿಯುವ ಹುಕ್‌ಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಮತ್ತು ರಿಂಗ್ ಎತ್ತಿ ನೋಡಿ. ಅಂಚಿನ ಮರ ಉಳಿದ ಭಾಗಕ್ಕಿಂತ ಬಿಳುಪಾಗಿ, ಹೊಸದಾಗಿ ಕಂಡರೆ ಅನುಮಾನಿಸಿ. ಫ್ಲ್ಯಾಟ್‌ಹೆಡ್ ರಿಂಗ್‌ನಲ್ಲಿ ಸಾಮಾನ್ಯವಾಗಿ 20 ರಂಧ್ರ, ತೂಕ ಸುಮಾರು 1.35 ಕಿಲೊ. ದಾರಕ್ಕೆ ತೂಗುಹಾಕಿ ಬೆರಳಿನಿಂದ ತಟ್ಟಿ. ಗಂಟೆಯಂತೆ ಉದ್ದ ಅನುರಣಿಸಬೇಕು; ಒಡಕು ದನಿ ಬಂದರೆ ಬಿರುಕಿದೆ.

ಒಂದೇ ತುಂಡಿನ ಫ್ಲ್ಯಾಂಜ್ ಸತುವಿನ ಮಿಶ್ರಲೋಹದ ಎರಕ. ದಶಕಗಟ್ಟಲೆ ಹುಕ್‌ಗಳ ಎಳೆತಕ್ಕೆ ಅದು ಮೇಲಕ್ಕೆ ಬಾಗುತ್ತದೆ, ಹುಕ್ ರಂಧ್ರಗಳ ಬಳಿ ಸೀಳುತ್ತದೆ. ನೇರ ಅಂಚಿನ ಸ್ಕೇಲ್ ಇಟ್ಟು ಪರೀಕ್ಷಿಸಿ. ಹೊಸದಾಗಿ ನಿಕಲ್ ಲೇಪಿಸಿದ್ದರೆ ಸೀಳು ಅದರಡಿ ಅಡಗಿರಬಹುದು.

ಹೆಡ್, ಬ್ರಿಡ್ಜ್ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪೆಗ್‌ಹೆಡ್‌ನ (ತಂತಿ ಬಿಗಿಯುವ ಕೀಲಿಗಳಿರುವ ನೆಕ್‌ನ ತುದಿ) ಹಿಂಬದಿ ಮಾತ್ರ ಬಿಡಬೇಡಿ, ಮುರಿದು ಅಂಟಿಸಿದ್ದರೆ ಗೆರೆ ಅಲ್ಲೇ ಇರುತ್ತದೆ.

ಗಡಿ ದಾಟಿಸುವುದಾದರೆ ಮರ ಯಾವುದೆಂದು ಬರೆಸಿಕೊಳ್ಳಿ. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಅನುಬಂಧದಲ್ಲಿದೆ. ಪರವಾನಗಿ ಇಲ್ಲದಿದ್ದರೆ ವಾದ್ಯ ಕಸ್ಟಮ್ಸ್‌ನಲ್ಲಿ ಮುಟ್ಟುಗೋಲಾಗಬಹುದು.