ಪ್ರಾಕ್ಟೀಸ್ ಆಗದಿದ್ದರೂ ಕ್ಲಾಸಿಗೆ ಬನ್ನಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಶ್ರುತಿ ಪೆಟ್ಟಿಗೆ, ಎರಡು ಪಿಟೀಲು. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಪಾಠ ಹೇಳುತ್ತಿದ್ದೇನೆ. ಚಿಕ್ಕ ಮಕ್ಕಳನ್ನು ಅಮ್ಮಂದಿರು ಕರೆದುಕೊಂಡು ಬರುತ್ತಾರೆ, ಅವರ ಕಥೆ ಬೇರೆ. ಇದು ಕಾಲೇಜಿಗೆ ಹೋಗುತ್ತಾ ಕಲಿಯುವವರಿಗೆ. ಮೊದಲ ದಿನ ಚಾಪೆ ಮೇಲೆ ಕೂರಿಸಿಕೊಂಡು ಹೇಳುವುದನ್ನೇ ಬರೆದಿದ್ದೇನೆ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಫೀಸು ತಿಂಗಳ ಮೊದಲ ವಾರ ಕೊಡಿ. ಬರುವುದಕ್ಕೆ ಆಗದಿದ್ದರೆ ಹಿಂದಿನ ರಾತ್ರಿಯೇ ಮೆಸೇಜ್ ಹಾಕಿ, ಇನ್ನೊಂದು ದಿನ ಹೇಳಿಕೊಡುತ್ತೇನೆ. ಕ್ಲಾಸಿನ ಹೊತ್ತಿಗೆ 'ಸಾರಿ ಮೇಡಂ' ಅಂದರೆ ಆ ಕ್ಲಾಸು ಹೋಯಿತು. ಮೆಸೇಜ್ ನೀವೇ ಹಾಕಬೇಕು, ಅಮ್ಮನ ಕೈಲಿ ಫೋನ್ ಮಾಡಿಸಬೇಡಿ. ಓಟು ಹಾಕುವ ವಯಸ್ಸು ನಿಮ್ಮದು, ಅಲ್ವಾ?

ಈಗ ಮುಖ್ಯವಾದ ಮಾತು. ಪ್ರಾಕ್ಟೀಸ್ ಮಾಡದ ವಾರವೂ ಕ್ಲಾಸಿಗೆ ಬನ್ನಿ.

ಕೆಲವು ವರ್ಷಗಳ ಹಿಂದೆ ಒಬ್ಬ ಇಂಜಿನಿಯರಿಂಗ್ ಹುಡುಗ ಬರುತ್ತಿದ್ದ. ಒಳ್ಳೆಯ ಕಿವಿ. ಇಂಟರ್ನಲ್ಸ್ ಅಂತ ಒಂದು ವಾರ ಪಿಟೀಲು ಮುಟ್ಟಲಿಲ್ಲ, ನಾಚಿಕೆಗೆ ಕ್ಲಾಸೂ ತಪ್ಪಿಸಿದ. ಮುಂದಿನ ವಾರ ಜ್ವರ. ಅದರ ಮುಂದಿನ ವಾರ ಅಜ್ಜಿಗೆ ಹುಷಾರಿಲ್ಲ. ನಾಲ್ಕನೇ ವಾರ ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ನನ್ನನ್ನು ನೋಡಿದವನೇ ಬಾಳೆಗೊನೆಗಳ ಹಿಂದೆ ಸರಿದುಕೊಂಡ. 'ಏನೋ, ನಾನೇನು ಸಾಲ ವಸೂಲಿಗೆ ಬಂದಿದೀನಾ? ಬುಧವಾರ ಸುಮ್ನೆ ಬಾ' ಅಂದೆ. ಬಂದ. ಆ ದಿನ ಹೊಸ ಪಾಠ ಇಲ್ಲ. ಸರಿಗಮ ಕೂರಿಸುವ ಆರಂಭದ ಪಾಠ ಸರಳೆ ವರಸೆ, ಅದರಲ್ಲೂ ಮೊದಲನೆಯದನ್ನೇ ಇಬ್ಬರೂ ಸೇರಿ ನಲವತ್ತು ನಿಮಿಷ ನುಡಿಸಿದೆವು. ನನ್ನ ಹತ್ತಿರ ಕಲಿಯುವುದು ಬಿಟ್ಟವರಲ್ಲಿ ಮುಕ್ಕಾಲು ಪಾಲು ಬಿಟ್ಟಿದ್ದು ಹೀಗೇ, ಸಂಗೀತ ಕಷ್ಟ ಅಂತಲ್ಲ, ಮುಖ ತೋರಿಸುವುದಕ್ಕೆ ನಾಚಿಕೆ ಅಂತ.

ಮಾಡಿಲ್ಲದಿದ್ದರೆ ಮಾಡಿಲ್ಲ ಅನ್ನಿ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿದೆಯೋ ಇಲ್ಲವೋ ನನಗೆ ಕಾಣುತ್ತದೆ. ನಾನೂ ನನ್ನ ಮೇಷ್ಟ್ರಿಗೆ ಇದೇ ಸುಳ್ಳು ಹೇಳಿದವಳೇ.

ಪ್ರಾಕ್ಟೀಸ್ ಎಷ್ಟು ಹೊತ್ತು ಅಂತ ಎಲ್ಲರೂ ಕೇಳುತ್ತಾರೆ. ದಿನಾ ಇಪ್ಪತ್ತೈದು ನಿಮಿಷ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಬೇಡ, ಕುತ್ತಿಗೆ ನೋವು ಬರುತ್ತದೆ ಅಷ್ಟೇ. ಮೊದಲ ಐದು ನಿಮಿಷ ಬೆರಳೇ ಇಡದೆ ಬರೀ ತಂತಿಯ ಮೇಲೆ ಉದ್ದಕ್ಕೆ ಕಮಾನು ಎಳೆಯಿರಿ. ಆಮೇಲೆ ಹತ್ತು ನಿಮಿಷ ಹಳೆಯ ವರಸೆ. ಉಳಿದದ್ದು ಹೊಸ ಪಾಠಕ್ಕೆ.

ಮೊದಲ ವರಸೆಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿ. ಅದರಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ನಮ್ಮ ಪಿಟೀಲಿಗೆ ಶ್ರುತಿ ಸ-ಪ-ಸ-ಪ. ತೀರಾ ಸಣ್ಣ ತಂತಿಯಿಂದ ಎಣಿಸಿ, ಎರಡನೇ ತಂತಿಯನ್ನು ಬರಿದಾಗಿ ನುಡಿಸಿದರೆ ಸ. ಅದರ ರಿ ತೀರಾ ಹತ್ತಿರ. ತೋರುಬೆರಳು ತಂತಿಯ ಮೇಲ್ತುದಿಗೆ ಅಂಟಿದ ಹಾಗೆ ಕೂರಬೇಕು. ಮಕ್ಕಳು ಅದನ್ನು ಕೆಳಗೆ ಜಾರಿಸಿಬಿಡುತ್ತಾರೆ, ರಾಗವೇ ಬೇರೆ ಆಗುತ್ತದೆ. ಗ ದೂರ, ಬೆರಳು ಚಾಚಬೇಕು. ಮ ಮತ್ತೆ ಗ ಪಕ್ಕದಲ್ಲೇ, ಎರಡು ಬೆರಳೂ ಒತ್ತಿಕೊಂಡು ಕೂರುತ್ತವೆ. ಹತ್ತಿರ, ದೂರ, ಹತ್ತಿರ. ಇಷ್ಟು ಕೂತರೆ ಪಕ್ಕದ ಪಂಚಮದ, ಅಂದರೆ ಪ ತಂತಿಯಲ್ಲಿ ದ, ನಿ, ಮೇಲಿನ ಸ ಮೂರಕ್ಕೂ ಅದೇ ಜಾಗ. ಅರ್ಧ ಕೆಲಸ ಮುಗಿಯಿತು. ಇದನ್ನು ನಿಧಾನಕ್ಕೆ ಮಾಡಿ. ಮೊದಲ ಕಾಲ, ಅಂದರೆ ನಿಧಾನದ ವೇಗ, ನೆಟ್ಟಗಿಲ್ಲದೆ ಜೋರು ವೇಗದ ಮೂರನೇ ಕಾಲಕ್ಕೆ ಹಾರುವವರೇ ಜಾಸ್ತಿ.

ಪಿಜಿಯಲ್ಲಿ ರೂಮ್‌ಮೇಟ್ ಬೈಯುತ್ತಾರೆ ಅನ್ನುವವರು ಬ್ರಿಡ್ಜಿಗೆ ಸಿಕ್ಕಿಸುವ ರಬ್ಬರ್ ಮ್ಯೂಟ್ ತಗೊಳ್ಳಿ, ಸದ್ದು ಚೆನ್ನಾಗಿ ಇಳಿಯುತ್ತದೆ. ಅದೂ ಆಗದಿದ್ದರೆ ಕಮಾನು ಬಿಟ್ಟು ಬೆರಳಲ್ಲೇ ಮೀಟಿ. ಒಬ್ಬಳು ಕಾಲೇಜಿನಲ್ಲಿ ಕೇಳಿಕೊಂಡು ನಾಲ್ಕು ಗಂಟೆ ಮೇಲೆ ಖಾಲಿ ಕ್ಲಾಸ್‌ರೂಮ್ ಹಿಡಿದಿದ್ದಳು. ಕೇಳಿದರೆ ತಾನೆ ಸಿಗುವುದು.

ಕ್ಲಾಸಿಗೆ ಐದು ನಿಮಿಷ ಮುಂಚೆ ಬಂದು ಶ್ರುತಿ ಮಾಡಿಕೊಳ್ಳಿ. ಎಡಗೈ ಉಗುರು ಕತ್ತರಿಸಿರಲಿ. ಟೈಟ್ ಜೀನ್ಸ್ ಬೇಡ. ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಇಟ್ಟು ಒಂದು ಗಂಟೆ ಕೂರಬೇಕು. ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿದು ಹುಡುಗರು ಮುಖ ಕಿವಿಚುವುದನ್ನು ಸಾಕಷ್ಟು ನೋಡಿದ್ದೇನೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಕೊನೆಯಲ್ಲಿ ನಾನು ಪಾಠ ಪೂರ್ತಿ ನುಡಿಸುವಾಗ ಮಾತ್ರ. ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಸಿನಿಮಾ ಹಾಡು ನುಡಿಸಬಹುದಾ ಅಂದರೆ ಧಾರಾಳವಾಗಿ. ಆದರೆ ನಾನು ಸ್ವರ ಬರೆದುಕೊಡುವುದಿಲ್ಲ. ಪಲ್ಲವಿಯ ಸ್ವರ ನೀವೇ ಹುಡುಕಿ ತನ್ನಿ, ಕಿವಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ವಾದ್ಯ ನೋಡಿಕೊಳ್ಳುವುದೂ ಪಾಠವೇ. ನುಡಿಸಿ ಆದಮೇಲೆ ಕಮಾನಿಗೆ ಉಜ್ಜುವ ರಾಸಿನ್ ಅಂಟಿನ ಪುಡಿ ತಂತಿ ಕೆಳಗೆ ಬಿದ್ದಿರುತ್ತದೆ, ಅದನ್ನು ಒರೆಸಿ. ಕಮಾನಿನ ತಿರುಪು ಸಡಿಲಿಸಿ. ಬಿಗಿಯಾಗೇ ಪೆಟ್ಟಿಗೆಗೆ ಹಾಕುತ್ತಾ ಹೋದರೆ ಕಡ್ಡಿಯ ಬಾಗು ಹೋಗುತ್ತದೆ, ಆಮೇಲೆ ಅದು ಕಮಾನಲ್ಲ, ಕೋಲು. ಮೊದಲನೇ ತಂತಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಕಡಿಯುವುದು ಅದೇ ಜಾಸ್ತಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪಿಟೀಲು ಬಿಡಬೇಡಿ. ಹಲಗೆಗಳನ್ನು ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಒಬ್ಬ ಹುಡುಗನದು ಏಪ್ರಿಲ್‌ನಲ್ಲಿ ಅಂಚು ಬಿಟ್ಟುಕೊಂಡು ಬಾಯಿ ತೆರೆದಿತ್ತು.

ಸೆಮಿಸ್ಟರ್ ಪರೀಕ್ಷೆಯ ತಾರೀಕು ಗೊತ್ತಾದ ತಕ್ಷಣ ಹೇಳಿ. ಆ ಎರಡು ವಾರ ಅರ್ಧ ಗಂಟೆ ಮಾತ್ರ ಕ್ಲಾಸು, ಹೊಸದೇನೂ ಇಲ್ಲ. ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟುವ ಆಸೆ ಇದ್ದರೆ ಒಂದು ವರ್ಷ ಮುಂಚೆ ಹೇಳಿ, ನುಡಿಸುವುದರ ಜೊತೆ ಥಿಯರಿಯೂ ಓದಬೇಕು. ಸೇರಿದ ಮೊದಲ ತಿಂಗಳೇ ಕೇಳಿದರೆ ನಗುತ್ತೇನೆ.

ನನ್ನಿಂದಲೂ ನೀವು ಕೆಲವನ್ನು ಕೇಳಬಹುದು. ಪಾಠದ ಮಧ್ಯೆ ಫೋನ್ ಎತ್ತುವುದಿಲ್ಲ. ತಪ್ಪು ಇದ್ದರೆ ತಪ್ಪು ಅನ್ನುತ್ತೇನೆ. ಮೊದಲೆಲ್ಲ ರೇಗುತ್ತಿದ್ದೆ, ಈಗ ಕಡಿಮೆ. ನನ್ನ ಪಾಠ ನಿಮಗೆ ಹಿಡಿಸದಿದ್ದರೆ, ಬೇರೆ ಊರಿಗೆ ಹೋಗುವುದಿದ್ದರೆ, ಬಂದು ಹೇಳಿ ಬಿಡಿ. ಮೆಸೇಜಿಗೆ ಉತ್ತರ ಕೊಡದೆ ಮಾಯವಾಗಬೇಡಿ.

ಹೋದ ಜೂನ್‌ನಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗಿ ಬಂದು, 'ಬೆಂಗಳೂರಲ್ಲಿ ಕೆಲಸ ಸಿಕ್ತು ಮೇಡಂ, ಇವತ್ತೇ ಕೊನೇ ಕ್ಲಾಸು' ಅಂದಳು. ಕಾಫಿ ಕೊಟ್ಟೆ. ಅವಳು ಮೊಟ್ಟಮೊದಲು ಕಲಿತ ಮಲಹರಿ ರಾಗದ ಗೀತೆಯನ್ನು ಇಬ್ಬರೂ ಒಂದು ಸಲ ನುಡಿಸಿದೆವು. ಪೆಟ್ಟಿಗೆ ಮುಚ್ಚುವಾಗ ಕಮಾನಿನ ಕಡೆ ನನ್ನ ಕಣ್ಣು ಹೋಯಿತು. ಸಡಿಲಿಸಿದ್ದಳು.