ಮಾಯದ ವಸ್ತು ತಯಾರಿಸೋ ನಿಯಮಕ್ಕ ಒಂದು ಸಲಹೆ

ರೋಲ್‌ಪ್ಲೇ ಆಟದಾಗ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ದಾಳ ಎಸೆದು ಕಥಿ ನಡಸೋ ಆಟ) ಮಾಯದ ವಸ್ತು ಮಾಡೋದನ್ನ ಒಂದೇ ದಾಳಕ್ಕ ಬಿಡಬ್ಯಾಡ್ರಿ. ಮೂರು ಸಲ ಸೋಲೂದರೊಳಗ ಮೂರು ಸಲ ಗೆಲ್ಲಬೇಕು ಅಂತ ಇಡ್ರಿ. 20 ಮುಖದ ದಾಳದಾಗ 9 ಅಥವಾ ಹೆಚ್ಚು ಬೀಳಬೇಕಂದ್ರ ಒಂದೇ ಎಸೆತಕ್ಕ ಗೆಲುವು 60%, ಹಿಂಗ ಮಾಡಿದ್ರ ಸುಮಾರು 68%. ಮ್ಯಾಲೆ, ನಡುವಿನ ಪ್ರತಿ ಸೋಲೂ ವಸ್ತುವಿನ ಮ್ಯಾಲೆ ಒಂದು ಗುರುತು ಬಿಡ್ತದ. ಎಸೆತಕ್ಕ ಖರೇ ಕೆಲಸದ ಹೆಸರು ಕೊಡ್ರಿ: ಮಾಯದ ಇಳಕಲ್ ಸೀರೆ ಆದ್ರ ಬಣ್ಣ ಹಾಕೋದು, ಹಾಸು (ಮಗ್ಗದ ಉದ್ದನ ಎಳಿ) ಹಾಕೋದು, ಸೆರಗಿನ ರೇಷ್ಮಿ ಎಳಿನ ಮೈಯ ಎಳಿಗೆ ಕೊಂಡಿ ಹಾಕೋದು. ಕೊಂಡಿಯೊಳಗ ಸೋತ್ರ ಮತ್ತ ಹಾಕಬಹುದು, ಆದ್ರ ಶಕ್ತಿ ಸೆರಗಿಗಷ್ಟೇ ಉಳೀತದ. ಪಾತ್ರ ಪಳಗಿ 4 ಬಿದ್ರೂ ಸಾಕು ಅನ್ನೋ ಹಂತಕ್ಕ ಬಂದ್ರ ಗೆಲುವು 97% ಆಗಿ ದಾಳಕ್ಕ ಅರ್ಥ ಉಳಿಯಂಗಿಲ್ಲ. ಆಗ ದಾಳ ಬಿಟ್ಟು ಅಪರೂಪದ ಸಾಮಾನು ಹುಡುಕಸ್ರಿ.