ಸೇಡಿನ ತಿಮಿಂಗಿಲಕ್ಕೆ ಅಂಕ ಹಾಕುವುದು ಹೇಗೆ: 1977ರ ‘ಓರ್ಕಾ’ ನೋಡುವ ಕ್ರಮ

ಕಡಲ ಪ್ರಾಣಿ ಸೇಡು ತೀರಿಸಿಕೊಳ್ಳುವ ಸಿನಿಮಾ ಅಂದರೆ ಸಾಕು, ನೋಡುಗರು ಶಾರ್ಕ್ ಸಿನಿಮಾ ‘ಜಾಸ್’ ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ‘ಓರ್ಕಾ’ ಹೆಚ್ಚು ಏಟು ತಿಂದಿರುವುದು ಈ ಹೋಲಿಕೆಯಿಂದಲೇ. 1975ರಲ್ಲಿ ಶಾರ್ಕ್ ಗೆದ್ದಿತು, ಎರಡು ವರ್ಷಕ್ಕೆ ಇವರು ತಿಮಿಂಗಿಲ ಬಿಟ್ಟರು ಎಂದು ಒಂದೇ ಸಾಲಿನಲ್ಲಿ ತೀರ್ಪು ಮುಗಿದುಹೋಗುತ್ತದೆ. ಆದರೆ ಆ ಶಾರ್ಕ್‌ಗೆ ಇದ್ದದ್ದು ಹಸಿವು. ಈ ಓರ್ಕಾಗೆ, ಅಂದರೆ ಕಪ್ಪು–ಬಿಳಿ ಮೈಯ ‘ಕೊಲೆಗಾರ ತಿಮಿಂಗಿಲ’ಕ್ಕೆ, ಇರುವುದು ಸಂಕಟ. ಎರಡನ್ನೂ ಒಂದೇ ಕೋಲಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ‘ಹಾವಿನ ದ್ವೇಷ ಹನ್ನೆರಡು ವರ್ಷ’ ಎಂಬ ಮಾತು ಕೇಳುತ್ತಲೇ ಬೆಳೆದ ನಮಗೆ ಸರಿಯಾದ ಅಳತೆಗೋಲು ಮನೆಯಲ್ಲೇ ಇದೆ: ಜೋಡಿಯನ್ನು ಕಳೆದುಕೊಂಡ ಜೀವದ ಹಗೆಯನ್ನು ಕಥೆ ನಮ್ಮಿಂದ ನಂಬಿಸಿತೇ?

ನೋಡುವ ಮೊದಲು

ಸಿನಿಮಾದ ಉದ್ದ 92 ನಿಮಿಷ. ಅದಕ್ಕಿಂತ ತುಂಬ ಕಡಿಮೆ ಇದ್ದರೆ ಕತ್ತರಿಸಿದ ಪ್ರತಿ, ಅದನ್ನು ನೋಡಿ ಅಂಕ ಹಾಕಬೇಡಿ. ಚಿತ್ರದ ಆಕಾರವನ್ನೂ ಪರೀಕ್ಷಿಸಿ. ಇದನ್ನು ಅಗಲ ಪರದೆಗೆಂದು 2.35:1 ಅನುಪಾತದಲ್ಲಿ ತೆಗೆದಿದ್ದಾರೆ. ಈಗಿನ ಟಿವಿಯಲ್ಲಿ ಮೇಲೆ ಕೆಳಗೆ ಸೇರಿ ಪರದೆಯ ಸುಮಾರು ಕಾಲು ಭಾಗ ಕಪ್ಪು ಪಟ್ಟಿ ಬರಬೇಕು. ಪಟ್ಟಿಯೇ ಇಲ್ಲದೆ ಪರದೆ ತುಂಬಿದ್ದರೆ ಎಡಬಲ ಕತ್ತರಿಸಿದ್ದಾರೆ ಎಂದರ್ಥ. ಒಂದು ತುದಿಯಲ್ಲಿ ದೋಣಿ, ಇನ್ನೊಂದು ತುದಿಯಲ್ಲಿ ಈಜುರೆಕ್ಕೆ ಇರುವಂಥ ಶಾಟ್‌ಗಳಲ್ಲಿ ಅರ್ಧ ಅರ್ಥ ಹೋಗಿಬಿಡುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ಸಂಗೀತ ಎನ್ನಿಯೊ ಮೊರಿಕೋನೆಯದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಗರ್ಭಪಾತದ ನೋವು ಉಂಡವರು ಮನೆಯಲ್ಲಿದ್ದರೆ ಮೊದಲೇ ತಿಳಿಸಿ.

ಮುಂದೆ ಕಥೆಯ ಕೊನೆಯವರೆಗಿನ ಮಾತು ಇದೆ. ನೋಡದವರು ಒಮ್ಮೆ ನೋಡಿ ಬಂದು ಓದಿದರೆ ಒಳ್ಳೆಯದು.

ಹಗೆ ಹುಟ್ಟುವ ಗಳಿಗೆ

ಮೊದಲ ಅರ್ಧ ಗಂಟೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಇಂಥ ಸಿನಿಮಾ ನಿಲ್ಲುವುದೂ ಬೀಳುವುದೂ ಇಲ್ಲೇ. ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರ ನೋಲನ್ (ರಿಚರ್ಡ್ ಹ್ಯಾರಿಸ್) ಮೊದಲು ಹಿಡಿಯಲು ಹೊರಟದ್ದು ಶಾರ್ಕ್. ಓರ್ಕಾ ಆ ಶಾರ್ಕನ್ನೇ ಕೊಂದದ್ದು ಕಂಡ ಮೇಲೆ, ಅಕ್ವೇರಿಯಂಗೆ ಮಾರಲು ಓರ್ಕಾವನ್ನೇ ಹಿಡಿಯುತ್ತೇನೆ ಅನ್ನುತ್ತಾನೆ. ಅವನ ಹಾರ್ಪೂನ್ (ತಿಮಿಂಗಿಲ ಬೇಟೆಯ ಈಟಿ) ಗಂಡಿನ ಬೆನ್ನಿನ ಈಜುರೆಕ್ಕೆಯನ್ನು ಸೀಳಿಕೊಂಡು ಹೋಗಿ ಹೆಣ್ಣಿಗೆ ನಾಟುತ್ತದೆ. ರೆಕ್ಕೆಯ ಆ ಗಾಯ ಗುರುತಿಟ್ಟುಕೊಳ್ಳಿ. ಕೊನೆಯವರೆಗೂ ‘ಅದೇ ಓರ್ಕಾ’ ಎಂದು ನಮಗೆ ಗೊತ್ತಾಗುವುದು ಅದರಿಂದಲೇ. ಹೆಣ್ಣನ್ನು ತಲೆಕೆಳಗಾಗಿ ಮೇಲೆತ್ತಿದಾಗ ಗರ್ಭದ ಮರಿ ಡೆಕ್ ಮೇಲೆ ಜಾರಿ ಬೀಳುತ್ತದೆ. ನೋಲನ್ ನೀರಿನ ಪೈಪ್ ಹಿಡಿದು ಅದನ್ನು ಕಡಲಿಗೆ ತೊಳೆದುಬಿಡುತ್ತಾನೆ. ಗಂಡು ತಲೆ ಹೊರಗೆ ಹಾಕಿ ನೋಡುತ್ತಿರುತ್ತದೆ.

ಈ ದೃಶ್ಯದಲ್ಲಿ ಮೂರು ಸಂಗತಿ ಬರೆದುಕೊಳ್ಳಿ. ತಪ್ಪು ಯಾರದು ಎಂಬುದು ಸ್ಪಷ್ಟವೇ? ಪ್ರಾಣಿ ಅದನ್ನು ಕಣ್ಣಾರೆ ಕಂಡಿತೇ? ತಪ್ಪು ಮಾಡಿದವನಿಗೆ ಅದರ ಅರಿವಾಯಿತೇ? ‘ಓರ್ಕಾ’ದಲ್ಲಿ ಮೂರಕ್ಕೂ ಹೌದು ಎನ್ನಬೇಕು. ಕುಡಿದು ವಾಹನ ಓಡಿಸಿದವನೊಬ್ಬನಿಂದ ನೋಲನ್‌ನ ಬಸುರಿ ಹೆಂಡತಿಯೂ ಸತ್ತಿದ್ದಳು ಎಂದು ಆಮೇಲೆ ತಿಳಿಯುತ್ತದೆ. ಹಾಗಾಗಿ ಅವನಿಗೆ ಓರ್ಕಾದ ಸಿಟ್ಟು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಕಥೆಯ ಬೆನ್ನೆಲುಬು ಇದೇ, ಅದು ಗಟ್ಟಿಯಾಗಿದೆ.

ಹೋಲಿಕೆಗೆ 1987ರ ‘ಜಾಸ್: ದಿ ರಿವೆಂಜ್’ ಇಟ್ಟುಕೊಳ್ಳಿ. ಅಲ್ಲಿ ಶಾರ್ಕ್ ಒಂದು ಕುಟುಂಬದ ಬೆನ್ನು ಹತ್ತಿ ಬಹಾಮಾಸ್‌ವರೆಗೂ ಬರುತ್ತದೆ. ಯಾಕೆ ಬಂತು, ಆ ಕುಟುಂಬವನ್ನು ಹೇಗೆ ಗುರುತಿಸಿತು ಎಂಬುದಕ್ಕೆ ಸಿನಿಮಾದೊಳಗೆ ಉತ್ತರವಿಲ್ಲ. ಮೇಲಿಂದ ಆ ಶಾರ್ಕ್ ಘರ್ಜಿಸುತ್ತದೆ, ಶಾರ್ಕ್‌ಗೆ ಧ್ವನಿ ಹೊರಡಿಸುವ ಅಂಗವೇ ಇಲ್ಲ. ಸೇಡು ಎಂಬ ಪದ ಹೆಸರಿನಲ್ಲಿದ್ದ ಮಾತ್ರಕ್ಕೆ ಕಥೆಯೊಳಗೆ ಸೇಡು ಹುಟ್ಟುವುದಿಲ್ಲ.

ಪ್ರತಿ ದಾಳಿಗೂ ಮೂರು ಪ್ರಶ್ನೆ

ಆಮೇಲಿನ ದಾಳಿಗಳನ್ನು ಬಂದ ಕ್ರಮದಲ್ಲಿ ಪಟ್ಟಿ ಮಾಡಿ. ಒಂದೊಂದರ ಎದುರೂ ಕೇಳಿ: ಪ್ರಾಣಿಯ ಮೈಗೆ ಇದು ಸಾಧ್ಯವೇ, ಅದಕ್ಕೆ ಈ ಸಂಗತಿ ಹೇಗೆ ಗೊತ್ತಾಯಿತು, ಇದರಿಂದ ಹಗೆ ಮುಂದೆ ಸರಿಯಿತೇ?

ಸತ್ತ ಜೋಡಿಯನ್ನು ದಡಕ್ಕೆ ತಳ್ಳಿ ತರುವ ದೃಶ್ಯ ಮೂರರಲ್ಲೂ ಗೆಲ್ಲುತ್ತದೆ. 2018ರಲ್ಲಿ ಅಮೆರಿಕ–ಕೆನಡಾ ಗಡಿಯ ಕಡಲಲ್ಲಿ ಜೆ35 ಎಂಬ ತಾಯಿ ಓರ್ಕಾ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದ್ದನ್ನು ಜಗತ್ತೇ ನೋಡಿತು. ಮೀನುಗಾರರ ದೋಣಿಗಳನ್ನು ಮುಳುಗಿಸುವುದೂ ಸರಿ, ಅದರಿಂದಲೇ ಊರು ನೋಲನ್ ವಿರುದ್ಧ ತಿರುಗುತ್ತದೆ. ಆದರೆ ದಡದ ಇಂಧನ ಪೈಪ್ ಒಡೆದು ಸಂಗ್ರಹಾಗಾರಕ್ಕೆ ಬೆಂಕಿ ಹೊತ್ತಿಸುವ ದೃಶ್ಯ ಎರಡನೇ ಪ್ರಶ್ನೆಯಲ್ಲಿ ಬೀಳುತ್ತದೆ. ಪೈಪ್‌ನಲ್ಲಿ ಏನಿದೆ, ಅದು ಹೇಗೆ ಹೊತ್ತುತ್ತದೆ ಎಂದು ಓರ್ಕಾಗೆ ತಿಳಿಯುವ ದಾರಿಯನ್ನು ಸಿನಿಮಾ ತೋರಿಸಿಲ್ಲ. ಇಲ್ಲಿ ನಿರ್ದೇಶಕ ಮೈಕೆಲ್ ಆ್ಯಂಡರ್ಸನ್‌ಗೆ ಸ್ಫೋಟ ಬೇಕಿತ್ತು, ಕಥೆಗೆ ಬೇಕಿರಲಿಲ್ಲ. ಕಡಲಂಚಿನ ಮನೆ ಕುಸಿದು ನೋಲನ್‌ನ ದೋಣಿಯ ಕೆಲಸಗಾತಿ ಆ್ಯನಿ (ಬೋ ಡೆರೆಕ್) ಕಾಲು ಕಳೆದುಕೊಳ್ಳುವುದು ಭಯಾನಕ. ಏನೂ ತಪ್ಪು ಮಾಡದವಳಿಗೆ ಬೀಳುವ ಆ ಏಟಿನಿಂದ ಓರ್ಕಾ ಮೇಲಿನ ನಮ್ಮ ಕನಿಕರ ಮೊದಲ ಸಲ ಅಲುಗಾಡುತ್ತದೆ. ನನ್ನ ಪ್ರಕಾರ ಅದು ಸಿನಿಮಾದ ದಿಟ್ಟತನ.

ಕೊನೆಯಲ್ಲಿ ಹಿಮದ ಬಂಡೆಯನ್ನು ಓರೆಯಾಗಿಸಿ ಮನುಷ್ಯನನ್ನು ನೀರಿಗೆ ಜಾರಿಸುವುದನ್ನು ಅನೇಕರು ನಗೆಪಾಟಲು ಅನ್ನುತ್ತಾರೆ. ಆದರೆ ಅಂಟಾರ್ಕ್‌ಟಿಕಾದ ಓರ್ಕಾಗಳು ಗುಂಪುಕಟ್ಟಿ ಅಲೆ ಎಬ್ಬಿಸಿ, ಹಿಮದ ಹಾಳೆ ಮೇಲೆ ಮಲಗಿದ ಸೀಲ್‌ಗಳನ್ನು ಹೀಗೇ ಬೀಳಿಸುತ್ತವೆ. ಶಾರ್ಕನ್ನು ಕೊಲ್ಲುವುದೂ ನಿಜವೇ, 1997ರಲ್ಲಿ ಕ್ಯಾಲಿಫೋರ್ನಿಯಾದ ಫ್ಯಾರಲಾನ್ ದ್ವೀಪಗಳ ಬಳಿ ಜನರ ಕಣ್ಣೆದುರೇ ಒಂದು ಓರ್ಕಾ ಬಿಳಿ ಶಾರ್ಕನ್ನು ಕೊಂದಿತು.

ವಿಜ್ಞಾನದ ತಪ್ಪಿಗೆ ಬೇರೆ ಪುಟ

ಜೀವಶಾಸ್ತ್ರದ ತಪ್ಪುಗಳನ್ನು ಅಂಕದೊಳಗೆ ಬೆರೆಸಬೇಡಿ. ವಿಮರ್ಶೆಯಲ್ಲಿ ಬೇರೆಯಾಗಿ ಬರೆಯಿರಿ. ದೊಡ್ಡ ತಪ್ಪು ಒಂದಿದೆ: ಓರ್ಕಾ ಜೀವನವಿಡೀ ಒಂದೇ ಜೋಡಿಯೊಡನೆ ಇರುತ್ತದೆ ಎಂದು ಸಿನಿಮಾ ಹೇಳುತ್ತದೆ. ವಾಸ್ತವದಲ್ಲಿ ಅವು ತಾಯಿಯ ಸುತ್ತ ಕಟ್ಟಿಕೊಂಡ ಕುಟುಂಬದಲ್ಲಿ ಬಾಳುತ್ತವೆ. ಉತ್ತರ ಪೆಸಿಫಿಕ್‌ನ ಮೀನು ತಿನ್ನುವ ಗುಂಪುಗಳಲ್ಲಿ ಗಂಡುಮಕ್ಕಳು ದೊಡ್ಡವರಾದರೂ ತಾಯಿಯ ಜೊತೆಗೇ ಇದ್ದು, ಬೇರೆ ಗುಂಪಿನ ಹೆಣ್ಣಿನೊಡನೆ ಕೂಡಿ ಮರಳುತ್ತವೆ. ತಾಯಿಯನ್ನು ಕಳೆದುಕೊಂಡ ಮಗನ ಕಥೆ ಮಾಡಿದ್ದರೆ ಸತ್ಯಕ್ಕೆ ಹತ್ತಿರವಿರುತ್ತಿತ್ತು. ಇನ್ನೊಂದು: ಕಾಡು ಓರ್ಕಾ ಮನುಷ್ಯನನ್ನು ಕೊಂದ ಖಚಿತ ದಾಖಲೆ ಇಲ್ಲ. ಸಾವುಗಳಾಗಿರುವುದು ಕೊಳದಲ್ಲಿ ಕೂಡಿಹಾಕಿದ ಪ್ರಾಣಿಗಳಿಂದ.

ಇದೇ ಪುಟದಲ್ಲಿ ಒಂದು ಕಹಿ ಸತ್ಯವನ್ನೂ ಬರೆಯಿರಿ. ಪರದೆಯ ಮೇಲಿನ ಜೀವಂತ ಓರ್ಕಾಗಳು ಯಾಕಾ ಮತ್ತು ನೆಪೋ, ಕ್ಯಾಲಿಫೋರ್ನಿಯಾದ ಮರೀನ್ ವರ್ಲ್ಡ್‌ನಲ್ಲಿ ತರಬೇತಿ ಪಡೆದವು. 1969ರಲ್ಲಿ ಕೆನಡಾದ ಪೆಂಡರ್ ಹಾರ್ಬರ್‌ನಲ್ಲಿ ಅವನ್ನು ಕುಟುಂಬದಿಂದ ಬೇರ್ಪಡಿಸಿ ಹಿಡಿದಿದ್ದರು. ಅಕ್ವೇರಿಯಂಗಾಗಿ ಓರ್ಕಾ ಹಿಡಿಯುವುದು ಎಂಥ ಪಾಪ ಎಂದು ಹೇಳುವ ಸಿನಿಮಾದಲ್ಲಿ ನಟಿಸಿದ್ದು ಹಾಗೆ ಹಿಡಿದು ತಂದ ಪ್ರಾಣಿಗಳೇ. ಇದನ್ನು ತಿಳಿದ ಮೇಲೆ ಆ ಕಣ್ಣಿನ ಹತ್ತಿರದ ಶಾಟ್‌ಗಳನ್ನು ಮತ್ತೊಮ್ಮೆ ನೋಡಿ.

ಅಂಕ

ಹತ್ತಕ್ಕೆ ಹೀಗೆ ಹಂಚಿ: ಹಗೆಯ ಕಾರಣಕ್ಕೆ 3, ದಾಳಿಗಳನ್ನು ನಂಬಿಸಿದ್ದಕ್ಕೆ 3, ದೃಶ್ಯ ಮತ್ತು ಸಂಗೀತಕ್ಕೆ 2, ಮನುಷ್ಯ ಪಾತ್ರಗಳಿಗೆ 2. ನನ್ನ ಲೆಕ್ಕದಲ್ಲಿ ‘ಓರ್ಕಾ’ಗೆ ಕಾರಣಕ್ಕೆ ಪೂರ್ತಿ 3, ದಾಳಿಗಳಿಗೆ 1.5. ದೃಶ್ಯ–ಸಂಗೀತಕ್ಕೆ 1.5, ಯಾಕೆಂದರೆ ಮೊರಿಕೋನೆ ಹಾಡಿಸಿದ ದುಃಖಕ್ಕೆ ಎದುರಿಲ್ಲದಿದ್ದರೂ ಜೀವಂತ ಪ್ರಾಣಿಯಿಂದ ಯಾಂತ್ರಿಕ ಮಾದರಿಗೆ ಜಿಗಿಯುವಾಗ ಚರ್ಮದ ಹೊಳಪೂ ಚಲನೆಯೂ ಬದಲಾಗುವುದು ಕಣ್ಣಿಗೆ ಹೊಡೆಯುತ್ತದೆ. ಪಾತ್ರಗಳಿಗೆ 1: ಹ್ಯಾರಿಸ್ ಒಬ್ಬರೇ ಭಾರ ಹೊರುತ್ತಾರೆ, ಷಾರ್ಲೆಟ್ ರ‍್ಯಾಂಪ್ಲಿಂಗ್ ಅವರ ವಿಜ್ಞಾನಿ ಪಾತ್ರಕ್ಕೆ ವಿವರಣೆ ಕೊಡುವುದೇ ಕೆಲಸ. ಒಟ್ಟು 7. ನಿಮ್ಮದು 5 ಬಂದರೂ ತೊಂದರೆಯಿಲ್ಲ, ಯಾವ ಸಾಲಿನಲ್ಲಿ ಕಳೆದಿರಿ ಎಂದು ಬರೆದಿದ್ದರೆ ಸಾಕು.

ಬೇರೆಯವರ ಅಂಕ ಓದುವಾಗಲೂ ಹೀಗೇ ಜರಡಿ ಹಿಡಿಯಿರಿ. ‘ಭಯವೇ ಆಗಲಿಲ್ಲ’ ಅಂದವರು ಶಾರ್ಕ್ ಸಿನಿಮಾ ನಿರೀಕ್ಷಿಸಿ ಬಂದವರು, ಅವರ ಮಾತು ಭಯದ ಮಟ್ಟಿಗೆ ಸರಿ. ‘ಅತ್ತುಬಿಟ್ಟೆ’ ಅಂದು ಹತ್ತಕ್ಕೆ ಹತ್ತು ಕೊಟ್ಟವರು ಇಂಧನ ಪೈಪ್‌ನ ದೃಶ್ಯ ಮರೆತಿರುತ್ತಾರೆ. ಸಿನಿಮಾ ಮುಗಿದ ತಕ್ಷಣ ಬರೆಯಬೇಡಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದಾಗ ಮೊದಲು ನೆನಪಾಗುವುದು ಬೆಂಕಿಯೋ, ಡೆಕ್ ಮೇಲಿನ ನೀರಿನ ಪೈಪೋ ನೋಡಿಕೊಂಡು ಬರೆಯಲು ಕೂತುಕೊಳ್ಳಿ.